ಹತ್ತಿದವರು ಹಲವರು, ಬರೆದವರು ಒಬ್ಬರು

ಸೆಮಿಸ್ಟರ್ ರಜೆ ಮುಗಿದ ಕೂಡಲೇ ನಮ್ಮ ಪತ್ರಿಕೆಗೆ ಬರೋ ಬರಹಗಳಲ್ಲಿ ಚಾರಣದ ಕತೆಗಳೇ ಹೆಚ್ಚು. ಕುಮಾರಪರ್ವತ, ಕುದುರೆಮುಖದಿಂದ ಶುರುವಾದದ್ದು ಈಗ ಕೇದಾರಕಂಠ, ಹಂಪ್ತಾ ಪಾಸ್ ತನಕ ಹೋಗಿದೆ. ಖುಷಿಯ ವಿಷಯವೇ. ಆದರೆ ನಾಲ್ಕೈದನ್ನು ಒಟ್ಟಿಗೆ ಕೂತು ಓದಿದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿರುತ್ತವೆ. ರಾತ್ರಿ ಎರಡು ಗಂಟೆಗೆ ಎದ್ದೆವು, ಚಳಿ ಕೊರೆಯುತ್ತಿತ್ತು, ಕಾಲು ಸೋತವು, ಆದರೂ ಛಲ ಬಿಡಲಿಲ್ಲ, ತುದಿಯಲ್ಲಿ ಸೂರ್ಯೋದಯ ಕಂಡಾಗ ಕಣ್ಣು ತುಂಬಿ ಬಂತು, ಬೆಟ್ಟ ನಮಗೆ ಜೀವನದ ಪಾಠ ಕಲಿಸಿತು. ಮುಗೀತು.

ಹತ್ತಿದ್ದು ನಿಜ, ಚಳಿಯೂ ನಿಜ. ನಮ್ಮ ತಕರಾರು ಇರೋದು ಆ ಕೊನೆಯ ವಾಕ್ಯದ ಬಗ್ಗೆ. ಲ್ಯಾಬ್‌ನಲ್ಲಿ ಎಲ್ಲರಿಗೂ ಗೊತ್ತಿರೋ ಒಂದು ಕಲೆ ಇದೆಯಲ್ಲ, ರೆಕಾರ್ಡ್‌ನಲ್ಲಿ ಮೊದಲು ರಿಸಲ್ಟ್ ಬರೆದುಕೊಂಡು ಆಮೇಲೆ ಅದಕ್ಕೆ ತಕ್ಕ ಹಾಗೆ ರೀಡಿಂಗ್ ಹೊಂದಿಸೋದು? ಚಾರಣದ ಬರಹದಲ್ಲೂ ನಡೀತಿರೋದು ಅದೇ. 'ಪಾಠ' ಮೊದಲೇ ತಯಾರಿರುತ್ತೆ. ಅದಕ್ಕೆ ಹೊಂದದ ರೀಡಿಂಗ್‌ಗಳೆಲ್ಲ ಸದ್ದಿಲ್ಲದೆ ಬಿದ್ದುಹೋಗ್ತವೆ. ಹೀಗೆ ಬಿದ್ದುಹೋಗೋದು ಏನು, ಯಾರು ಅನ್ನೋದೇ ಈ ಬರಹದ ವಿಷಯ.

ಇದಕ್ಕೆ ದೊಡ್ಡ ಉದಾಹರಣೆ ಪರ್ವತಾರೋಹಣದ ಚರಿತ್ರೆಯಲ್ಲೇ ಇದೆ. 1950ರ ಜೂನ್ 3ರಂದು ಫ್ರಾನ್ಸಿನ ಮೊರಿಸ್ ಹರ್ಜೋಗ್ ಮತ್ತು ಲೂಯಿ ಲಾಶೆನಾಲ್ ನೇಪಾಳದ ಅನ್ನಪೂರ್ಣ ಶಿಖರ ತಲುಪಿದರು. ಎತ್ತರ 8091 ಮೀಟರ್. ಮನುಷ್ಯ 8000 ಮೀಟರ್ ಮೀರಿದ ಶಿಖರವೊಂದರ ತುದಿಯಲ್ಲಿ ನಿಂತದ್ದು ಅದೇ ಮೊದಲು. ಕೈಲಿದ್ದ ನಕ್ಷೆ ತಪ್ಪಾಗಿತ್ತು. ಬೆಟ್ಟ ಹತ್ತೋದಿರಲಿ, ಅದರ ಬುಡಕ್ಕೆ ದಾರಿ ಹುಡುಕೋದಕ್ಕೇ ವಾರಗಟ್ಟಲೆ ಹಿಡಿದಿತ್ತು. ಇಳಿಯುವಾಗ ಹರ್ಜೋಗ್ ಕೈಗವಸು ಕಳೆದುಕೊಂಡರು. ಆ ಇಬ್ಬರೂ, ನೆರವಿಗೆ ಬಂದ ಇನ್ನಿಬ್ಬರೂ ಒಂದು ರಾತ್ರಿಯನ್ನು ಹಿಮದ ಬಿರುಕಿನೊಳಗೆ ಕಳೆದರು. ಹಿಮಕಡಿತದಿಂದ ಹರ್ಜೋಗ್‌ಗೆ ಕೈ ಕಾಲಿನ ಬೆರಳುಗಳು ಹೋದವು, ಲಾಶೆನಾಲ್‌ಗೆ ಕಾಲಿನ ಬೆರಳುಗಳಷ್ಟೂ ಹೋದವು. ಮಳೆಗಾಲದ ಕೆಸರು ದಾರಿಯಲ್ಲಿ ಇಬ್ಬರನ್ನೂ ಹೊತ್ತು ತಂದವರು ಶೆರ್ಪಾಗಳು ಮತ್ತು ಕೂಲಿಯವರು.

ಪೆನ್ನು ಹಿಡಿಯಲಾಗದ ಹರ್ಜೋಗ್ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಪುಸ್ತಕವನ್ನು ಹೇಳಿ ಬರೆಸಿದರು. 1951ರಲ್ಲಿ ಬಂದ 'ಅನ್ನಪೂರ್ಣ' ಲಕ್ಷಾಂತರ ಪ್ರತಿ ಮಾರಾಟವಾಯ್ತು. ಅದರ ತುಂಬ ಗೆಳೆತನ, ತ್ಯಾಗ, ಶಿಖರದಲ್ಲಿ ದಕ್ಕಿದ ದಿವ್ಯ ಆನಂದ. ಓದಿದ ಎಷ್ಟೋ ಹುಡುಗರು ಬೆಟ್ಟದ ಹುಚ್ಚು ಹಿಡಿಸಿಕೊಂಡರು. ಉಳಿದವರು ಯಾಕೆ ಬರೆಯಲಿಲ್ಲ ಅಂದ್ರೆ, ಐದು ವರ್ಷ ನಾಯಕನ ಹೊರತು ಯಾರೂ ಏನೂ ಪ್ರಕಟಿಸಬಾರದು ಅಂತ ಹೊರಡೋ ಮೊದಲೇ ಎಲ್ಲರಿಂದ ಸಹಿ ಹಾಕಿಸಿಕೊಂಡಿದ್ದರು!

ಲಾಶೆನಾಲ್ 1955ರಲ್ಲಿ ಆಲ್ಪ್ಸ್‌ನಲ್ಲಿ ಸ್ಕೀ ಮಾಡುವಾಗ ಹಿಮದ ಬಿರುಕಿಗೆ ಬಿದ್ದು ತೀರಿಕೊಂಡರು. ಅವರ ಟಿಪ್ಪಣಿಗಳು ಮರುವರ್ಷ ಪುಸ್ತಕವಾದವು, ಆದರೆ ತಿದ್ದಿದವರು ಹರ್ಜೋಗ್‌ರ ತಮ್ಮ. ಕತ್ತರಿ ಹಾಕದ ಬರಹ ಜನರ ಕೈಗೆ ಸಿಕ್ಕಿದ್ದು 1996ರಲ್ಲಿ. ಅದರಲ್ಲಿ ಇರೋದು ಬೇರೆಯೇ ಶಿಖರ. ಕಾಲು ಮರಗಟ್ಟುತ್ತಿದೆ ಅಂತ ಲಾಶೆನಾಲ್‌ಗೆ ಗೊತ್ತಿತ್ತು, ಹಿಂದಿರುಗೋ ಮನಸ್ಸೂ ಇತ್ತು. ಅವರ ಪಾಲಿಗೆ ಅದು ಇನ್ನೊಂದು ಬೆಟ್ಟ ಅಷ್ಟೇ, ದೇಶದ ಮಾನದ ಪ್ರಶ್ನೆಯಲ್ಲ. ಮುಂದೆ ಹೋದದ್ದು ಒಂದೇ ಕಾರಣಕ್ಕೆ: ಹರ್ಜೋಗ್ ಒಬ್ಬರೇ ಹೋದರೆ ವಾಪಸ್ ಬರೋದಿಲ್ಲ ಅನ್ನೋದು ಅವರಿಗೆ ಖಚಿತವಾಗಿತ್ತು. ಒಂದೇ ಜಾಗ, ಒಂದೇ ಗಳಿಗೆ. ಒಬ್ಬರಿಗೆ ಸ್ವರ್ಗ ಕಂಡಿತ್ತು, ಪಕ್ಕದಲ್ಲಿದ್ದವರಿಗೆ ಜೊತೆಗಾರನನ್ನು ಜೀವಂತ ಇಳಿಸೋ ಚಿಂತೆ. ಜಗತ್ತು ನಲವತ್ತೈದು ವರ್ಷ ಮೊದಲನೆಯದನ್ನಷ್ಟೇ ಓದಿತು. ಹರ್ಜೋಗ್ ಸುಳ್ಳು ಬರೆದರು ಅಂತ ನಾವು ಹೇಳ್ತಿಲ್ಲ. ಅವರ ಆನಂದ ಅವರಿಗೆ ನಿಜವೇ ಇದ್ದಿರಬೇಕು. ಆದರೆ ಅದು ಅವರೊಬ್ಬರ ಆನಂದ; ಪುಸ್ತಕದಲ್ಲಿ ಅದು ಇಡೀ ತಂಡದ ಅರ್ಥವಾಗಿ ನಿಂತುಬಿಟ್ಟಿತು.

ಅದೇ ಪುಸ್ತಕದಲ್ಲಿ ಬರುವ ಇನ್ನೊಂದು ಸಂಗತಿ ನೋಡಿ. ಶೆರ್ಪಾಗಳ ಮುಖಂಡ ಆಂಗ್ ಥಾರ್ಕೆಗೆ ಶಿಖರಕ್ಕೆ ಜೊತೆಗೆ ಬರೋ ಆಹ್ವಾನ ಸಿಕ್ಕಿತ್ತು. ಕಾಲು ಮರಗಟ್ಟೋಕೆ ಶುರುವಾಗಿದೆ, ಬೇಡ ಅಂತ ಅವರು ಇಳಿದುಬಂದರು. ಅಂದ್ರೆ ಮೇಲಿನ ಇಬ್ಬರಿಗೆ ಬಂದ ಸೂಚನೆಯೇ ಇವರಿಗೂ ಬಂದಿತ್ತು, ಇವರು ಅದನ್ನು ಕೇಳಿದರು. ನಮ್ಮ ಅಚ್ಚಿನ ಪ್ರಕಾರ ಇವರು 'ಛಲ ಬಿಟ್ಟವರು'. ನಮಗೇನೋ ಆ ದಿನ ಬೆಟ್ಟವನ್ನು ಸರಿಯಾಗಿ ಓದಿದವರು ಇವರೇ ಅನ್ನಿಸುತ್ತೆ.

ಎವರೆಸ್ಟ್‌ನಲ್ಲೂ ಕತೆ ಯಾರದ್ದು ಅನ್ನೋ ಜಗಳ ಆಯ್ತು. 1953ರ ಮೇ 29ರ ನಂತರ ಎಲ್ಲರೂ ಕೇಳಿದ್ದು ಒಂದೇ: ಮೊದಲು ಕಾಲಿಟ್ಟವರು ಯಾರು, ಹಿಲರಿಯೋ ತೇನ್‌ಸಿಂಗೋ? ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೆ ಅಂತ ಹೇಳಿಕೆ ಕೊಟ್ಟರು. ಹಲವು ಭಾಷೆ ಆಡಬಲ್ಲವರಾದರೂ ತೇನ್‌ಸಿಂಗ್‌ಗೆ ಬರೆಯೋಕೆ ಬರುತ್ತಿರಲಿಲ್ಲ. ಆದರೂ 1955ರಲ್ಲಿ ಇನ್ನೊಬ್ಬರಿಗೆ ಹೇಳಿ ಬರೆಸಿದ ಆತ್ಮಕತೆಯಲ್ಲಿ, ಹಿಲರಿ ಕೆಲವು ಹೆಜ್ಜೆ ಮುಂದಿದ್ದರು ಅಂತ ತಾವೇ ಹೇಳಿದರು. ಅವರನ್ನೇ ಮೊದಲಿಗರನ್ನಾಗಿ ಮಾಡೋಕೆ ಎಷ್ಟೋ ಜನ ತುದಿಗಾಲಲ್ಲಿ ನಿಂತಿದ್ದಾಗ ಹೇಳಿದ ಮಾತು ಇದು. ರಿಸಲ್ಟ್‌ಗೆ ರೀಡಿಂಗ್ ಹೊಂದಿಸಲಿಲ್ಲ ಅಂದ್ರೆ ಇದು.

"ಅದೆಲ್ಲ ಅನ್ನಪೂರ್ಣ, ಎವರೆಸ್ಟ್. ನಾವು ಐದಾರು ದಿನ ಹೋಗಿ ಬಂದವರು, ಇಷ್ಟೆಲ್ಲ ಯಾಕೆ?" ಅಂತ ಕೇಳಬಹುದು. ಯಾಕಂದ್ರೆ ನಮ್ಮ ಬರಹ ಓದಿ ಹೋಗೋರು ನಮ್ಮ ಜೂನಿಯರ್‌ಗಳೇ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಇರೋದು ಸುಮಾರು 1930 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದು 2500 ಮೀಟರ್ ದಾಟಿದ ಮೇಲೆ. ಅಂದ್ರೆ ಇಲ್ಲಿ ಎಷ್ಟು ಬೆಟ್ಟ ಹತ್ತಿದರೂ ಅದರ ಪರಿಚಯವೇ ಆಗಲ್ಲ. ಕೇದಾರಕಂಠದ ತುದಿ ಸುಮಾರು 3800 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತಲೂ ಸ್ವಲ್ಪ ಕಡಿಮೆ. ತಲೆನೋವು, ವಾಕರಿಕೆ ಬಂದರೆ ಮೇಲೆ ಹೋಗೋದು ನಿಲ್ಲಿಸಬೇಕು. ಜಾಸ್ತಿಯಾದರೆ, ನಡಿಗೆ ತಪ್ಪಿದರೆ, ಕೂತಲ್ಲೇ ಏದುಸಿರು ಬಂದರೆ ತಡಮಾಡದೆ ಕೆಳಗಿಳಿಯಬೇಕು. ಶ್ವಾಸಕೋಶಕ್ಕೋ ಮಿದುಳಿಗೋ ನೀರು ತುಂಬಿದರೆ ಜೀವಕ್ಕೇ ಅಪಾಯ. ಜಿಮ್‌ಗೆ ಹೋಗೋರು, ಫುಟ್‌ಬಾಲ್ ಆಡೋರು ಅಂತ ಅದು ಬಿಡಲ್ಲ.

ಈಗ 'ಛಲ ಬಿಡಲಿಲ್ಲ' ಅನ್ನೋ ಕತೆಗಳನ್ನೇ ಓದಿಕೊಂಡು ಹೋದ ಹುಡುಗನಿಗೋ ಹುಡುಗಿಗೋ ರಾತ್ರಿ ತಲೆ ಸಿಡಿಯುತ್ತಿದ್ದರೆ ಏನು ಮಾಡ್ತಾರೆ? ಲೀಡರ್‌ಗೆ ಹೇಳಲ್ಲ. ಮಾತ್ರೆ ನುಂಗಿ ಸುಮ್ಮನಾಗ್ತಾರೆ. ಇಳಿದುಬಂದ ಆಂಗ್ ಥಾರ್ಕೆಯ ಕತೆ ಅವರಿಗೆ ಯಾರೂ ಹೇಳಿರಲ್ಲವಲ್ಲ! ಬೇಸ್ ಕ್ಯಾಂಪಿನಿಂದಲೇ ವಾಪಸಾದ ಗೆಳೆಯರು ನಮ್ಮ ಪತ್ರಿಕೆಗೆ ಬರೆಯೋದೇ ಇಲ್ಲ. ತುದಿ ಮುಟ್ಟದವರಿಗೆ ಹೇಳೋಕೆ ಏನೂ ಇಲ್ಲ ಅಂತ ಎಲ್ಲರೂ ಸೇರಿ ಅವರನ್ನು ನಂಬಿಸಿದ ಹಾಗಿದೆ.

ಹಾಗಾದ್ರೆ ಹೇಗೆ ಬರೀಬೇಕು? ನಿಯಮ ಹಾಕೋದು ನಮ್ಮ ಉದ್ದೇಶವಲ್ಲ, ಮೂರು ಮಾತು ಅಷ್ಟೇ. ಒಂದು, ಅವತ್ತಿನದನ್ನು ಅವತ್ತೇ ನಾಲ್ಕು ಸಾಲು ಗೀಚಿಟ್ಟುಕೊಳ್ಳಿ. ದಣಿದ ತಲೆಯ ನೆನಪನ್ನು ನೆಚ್ಚಿಕೊಳ್ಳೋ ಹಾಗಿಲ್ಲ; ಊರಿಗೆ ಬಂದ ಮೇಲಂತೂ ಅದು ಫೋಟೋಗಳಿಗೆ ತಕ್ಕಂತೆ ಬದಲಾಗಿಬಿಡುತ್ತೆ. ಎರಡು, ಟೆಂಟ್ ಹೊತ್ತವರು, ಹೇಸರಗತ್ತೆ ನಡೆಸಿದವರು, ನೀವು ಏಳೋ ಮುಂಚೆ ಎದ್ದು ಚಹಾ ಕಾಯಿಸಿದವರು ಬರಹದೊಳಗೆ ಬರಲಿ. 'ಅಲ್ಲಿನ ಜನ ತುಂಬಾ ಒಳ್ಳೆಯವರು' ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ. ಅವರು ಎಷ್ಟು ಹೊತ್ತರು, ಸಂಜೆ ಏನು ಮಾತಾಡಿದರು, ನಿಮ್ಮನ್ನು ನೋಡಿ ಯಾಕೆ ನಕ್ಕರು, ಅದನ್ನು ಬರೀರಿ. ಮೂರು, 'ನಾವೆಲ್ಲ ಧನ್ಯರಾದೆವು' ಅನ್ನೋ ಮುಂಚೆ ಉಳಿದವರನ್ನು ಒಮ್ಮೆ ಕೇಳಿ. ಹನ್ನೆರಡು ಜನ ಹೋಗಿದ್ದರೆ ಹನ್ನೆರಡು ಚಾರಣ ಆಗಿರುತ್ತೆ. ಒಬ್ಬರಿಗೆ ಧನ್ಯತೆ, ಇನ್ನೊಬ್ಬರಿಗೆ ಬೊಬ್ಬೆ ಎದ್ದ ಕಾಲು, ಮತ್ತೊಬ್ಬರಿಗೆ ಮನೆಯವರ ನೆನಪು.

ಅರ್ಥ ಹುಡುಕಲೇಬಾರದು ಅಂತಲ್ಲ. ಏನೂ ಅನ್ನಿಸದಿದ್ದರೆ ಏನೂ ಅನ್ನಿಸಲಿಲ್ಲ ಅಂತ ಬರೆಯೋ ಧೈರ್ಯವೂ ಇರಲಿ ಅಂತ. ಮುಂದಿನ ಸಂಚಿಕೆಗೆ ಚಾರಣದ ಬರಹಗಳನ್ನು ಖಂಡಿತ ಕಳಿಸಿ. ಅರ್ಧ ದಾರಿಯಿಂದ ತಿರುಗಿ ಬಂದವರು ಮೊದಲು ಕಳಿಸಿ, ನಿಮ್ಮದನ್ನೇ ಮೊದಲ ಪುಟದಲ್ಲಿ ಹಾಕ್ತೀವಿ.