ಮಾತಿಗೆ ನಿಲ್ಲದವರ ಉಪದೇಶ

ನಮ್ಮ ಉದ್ಯಮಿಗಳಿಗೆ ಸಂಶೋಧನೆಗೆ ದುಡ್ಡು ಹಾಕುವ ಎದೆಗಾರಿಕೆ ಇಲ್ಲ ಎಂಬ ಸರ್ಕಾರದ ಬೈಗುಳ ಈ ವಾರವೂ ಕಿವಿಗೆ ಬಿತ್ತು. ಜಿಡಿಪಿಯಲ್ಲಿ ಸಂಶೋಧನೆಯ ಪಾಲು ಶೇ 0.64, ಅದರಲ್ಲಿ ಖಾಸಗಿಯವರದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಂಕಿ ಸರಿಯೇ ಇದೆ. ಆದರೆ ಬೈಯುವ ಹಕ್ಕು ಸರ್ಕಾರಕ್ಕೆ ಎಲ್ಲಿಂದ ಬಂತು?

ವಿದ್ಯುತ್ ಸ್ಕೂಟರುಗಳನ್ನೇ ನೋಡಿ. 2019ರಲ್ಲಿ ವಿದ್ಯುತ್ ವಾಹನಗಳಿಗೆ ಕೇಂದ್ರದ ಸಬ್ಸಿಡಿ ಯೋಜನೆ ಫೇಮ್-2 ಬಂದಾಗ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಗಂಟೆಗೆ ₹10,000 ಸಬ್ಸಿಡಿ. 2021ರ ಜೂನ್‌ನಲ್ಲಿ ₹15,000. 2023ರ ಜೂನ್ 1ರಿಂದ ಮತ್ತೆ ₹10,000. ಗರಿಷ್ಠ ಮಿತಿಯೂ ಕಾರ್ಖಾನೆ ಬೆಲೆಯ ಶೇ 40ರಿಂದ ಶೇ 15ಕ್ಕೆ ಕುಸಿಯಿತು. ಆದೇಶ ಹೊರಬಿದ್ದದ್ದು ಅದೇ ವರ್ಷದ ಮೇ ತಿಂಗಳ ಉತ್ತರಾರ್ಧದಲ್ಲಿ. ಹೊಸ ಮೋಟರೊಂದನ್ನು ರೂಪಿಸಲು ವರ್ಷಗಳು ಬೇಕು. ಅದರ ಲೆಕ್ಕಾಚಾರ ಕೆಡಿಸಲು ಎರಡು ವಾರ ಸಾಕಾಯಿತು.

ಪೀಣ್ಯದಲ್ಲಿ ನನಗೆ ಪರಿಚಯದ ಸಣ್ಣ ಕಾರ್ಖಾನೆಯವರೊಬ್ಬರಿದ್ದಾರೆ. ಸ್ಕೂಟರಿನ ಮೋಟರ್ ಕಂಟ್ರೋಲರನ್ನು ತಾವೇ ವಿನ್ಯಾಸ ಮಾಡಬೇಕೆಂದು ಇಬ್ಬರು ಎಂಜಿನಿಯರುಗಳನ್ನು ಇಟ್ಟುಕೊಂಡಿದ್ದರು. ಆ ಬೇಸಿಗೆಯ ನಂತರ ಆರ್ಡರು ನಿಂತವು, ಎಂಜಿನಿಯರುಗಳು ಬೇರೆ ಕೆಲಸ ಹಿಡಿದರು. ‘ಲೇತ್ ಆಗಿದ್ದರೆ ಅರ್ಧ ರೇಟಿಗಾದರೂ ಮಾರುತ್ತಿದ್ದೆ ಸಾರ್. ಆ ಹುಡುಗರ ತಲೆಯಲ್ಲಿದ್ದದ್ದನ್ನು ಯಾರಿಗೆ ಮಾರಲಿ?’ ಎಂದರು. ಈಗ ಸಿದ್ಧ ಕಂಟ್ರೋಲರು ತರಿಸಿ ಜೋಡಿಸಿ ಕೊಡುತ್ತಾರೆ.

ಅರ್ಥಶಾಸ್ತ್ರಜ್ಞರಾದ ಅವಿನಾಶ್ ದೀಕ್ಷಿತ್ ಮತ್ತು ರಾಬರ್ಟ್ ಪಿಂಡೈಕ್ 1994ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದು ಇದನ್ನೇ: ಹಾಕಿದ ಹಣ ವಾಪಸು ಬಾರದು ಎಂದಾಗ, ಮುಂದೇನೆಂದು ತಿಳಿಯುವವರೆಗೆ ಕಾಯುವುದಕ್ಕೂ ಬೆಲೆಯಿದೆ. ಸಂಶೋಧನೆಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ. ಅದು ವಾಪಸು ಬರುವುದೇ ಇಲ್ಲ. ಹಾಗಾಗಿ ಕಾಯುವವನು ಹೇಡಿಯಲ್ಲ, ಲೆಕ್ಕ ಬಲ್ಲವನು.

ನಾನು ಹಿಂದೆಯೂ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಪ್ರಯೋಗ ಕೈಕೊಡಬಹುದು, ಎದುರಾಳಿ ಮೊದಲೇ ಗೆಲ್ಲಬಹುದು. ಆ ಅನಿಶ್ಚಿತತೆ ಉದ್ಯಮಿಯ ಪಾಲಿನದು, ಅದನ್ನು ಅವನೇ ಹೊರಲಿ. ದೆಹಲಿಯ ಕಡತ ಯಾವಾಗ ತಿರುಗುತ್ತದೆ ಎಂಬ ಭಯವನ್ನು ಅವನೇಕೆ ಹೊರಬೇಕು? ಸಂಶೋಧನಾ ವೆಚ್ಚಕ್ಕಿದ್ದ ಶೇ 200ರ ತೆರಿಗೆ ವಿನಾಯಿತಿಯನ್ನು ಮೊದಲು 150ಕ್ಕೆ, 2020ರಿಂದ 100ಕ್ಕೆ ಇಳಿಸಿದವರೇ ಈಗ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನಾ ನಿಧಿ ತೆರೆದಿದ್ದಾರೆ. ನಿಧಿ ಬರಲಿ, ಬೇಡವೆನ್ನುವುದಿಲ್ಲ. ಆದರೆ ನಿಯಮ ಪ್ರಕಟಿಸುವಾಗಲೇ ಅದರ ಕೊನೆಯ ದಿನಾಂಕವನ್ನೂ ಬರೆಯಿರಿ, ಅಲ್ಲಿಯವರೆಗೆ ಅದನ್ನು ಮುಟ್ಟಬೇಡಿ.

ಹತ್ತು ವರ್ಷದ ಸಂಶೋಧನೆಗೆ ಹಣ ಹೂಡಿ ಎನ್ನುವ ಸರ್ಕಾರ ಮೊದಲು ತನ್ನದೇ ಆದೇಶಕ್ಕೆ ಐದು ವರ್ಷ ಬದ್ಧವಾಗಿದ್ದು ತೋರಿಸಲಿ. ಅಲ್ಲಿಯವರೆಗೆ ಎದೆಗಾರಿಕೆಯ ಪಾಠ ನಿಲ್ಲಿಸಲಿ.