ಅರ್ಹತೆ ಬೇರೆ, ಸಿದ್ಧತೆ ಬೇರೆ

ನಾಲ್ಕು ವರ್ಷಗಳ ಆನರ್ಸ್ ಪದವಿಯ ಕೊನೆಯ ಘಟ್ಟದಲ್ಲಿದ್ದ ವಿದ್ಯಾರ್ಥಿನಿಯೊಬ್ಬರು ಈಚೆಗೆ ನನ್ನನ್ನು ಕಂಡು, “ಸರ್, ಎಂ.ಎ. ಮಾಡದೆ ನೇರವಾಗಿ ಪಿಎಚ್.ಡಿ.ಗೆ ಸೇರಲೇ?” ಎಂದು ಕೇಳಿದರು. ಅವರು ಆರಿಸಿಕೊಂಡ ವಿಷಯ ವಡ್ಡಾರಾಧನೆ. ಅಂಕಗಳಿಗೆ ಕೊರತೆಯಿಲ್ಲ, ‘ಓದು ಇನ್ನೆಷ್ಟು ವರ್ಷ’ ಎಂಬ ಮನೆಯವರ ಮಾತಿಗೂ ಕೊರತೆಯಿಲ್ಲ.

ನಿಯಮದ ಪ್ರಕಾರ ಉತ್ತರ ಸುಲಭ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯಂತೆ, ನಾಲ್ಕು ವರ್ಷಗಳ ಪದವಿಯಲ್ಲಿ ಶೇ. 75 ಅಂಕ ಪಡೆದವರು ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು. ಅದೇ ನಿಯಮಾವಳಿ ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು. ಕರ್ನಾಟಕ 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿರುವುದರಿಂದ, ಈ ನೇರದಾರಿ ಇಲ್ಲಿ ಕೆಲವೇ ತಂಡಗಳಿಗೆ ತೆರೆದಿದೆ. ಆದರೂ ಅದರ ಹಿಂದಿನ ಪ್ರಶ್ನೆ ಎಲ್ಲ ಸಂಶೋಧನಾರ್ಥಿಗಳದು: ಪ್ರವೇಶದ ಅರ್ಹತೆಯೇ ಸಂಶೋಧನೆಯ ಸಿದ್ಧತೆಯೇ?

ವಡ್ಡಾರಾಧನೆಯನ್ನೇ ನೋಡೋಣ. ಅದರ ಹತ್ತೊಂಬತ್ತು ಕಥೆಗಳೂ ಪ್ರಾಕೃತ ಗಾಹೆಯೊಂದಿಗೆ ಆರಂಭವಾಗುತ್ತವೆ. ಈ ಕಥೆಗಳ ಮೂಲವನ್ನು ಅರಸುವವರು ಪ್ರಾಕೃತದ ಭಗವತೀ ಆರಾಧನೆಗೂ ಹರಿಷೇಣನ ಸಂಸ್ಕೃತ ಬೃಹತ್ಕಥಾಕೋಶಕ್ಕೂ ಹೋಗಲೇಬೇಕು. ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ಪ್ರಕಟಿಸಿದ ಆವೃತ್ತಿಯ ಪಾಠಾಂತರಗಳನ್ನು ತೂಗಿ ನೋಡಲು ಗ್ರಂಥಸಂಪಾದನೆಯ ತಿಳಿವಳಿಕೆ ಬೇಕು. ಹಳಗನ್ನಡ ವ್ಯಾಕರಣ, ಪ್ರಾಕೃತ, ಸಂಸ್ಕೃತ, ಹಸ್ತಪ್ರತಿಶಾಸ್ತ್ರ ಇವು ಪಿಎಚ್.ಡಿ.ಯ ಆರಂಭಿಕ ಕೋರ್ಸ್‌ವರ್ಕಿನಲ್ಲಿ ಕಲಿತು ಮುಗಿಸುವ ಸಂಗತಿಗಳಲ್ಲ. ಸಿದ್ಧತೆಯಿಲ್ಲದೆ ಹೊರಟವರ ವಿಷಯ ಕ್ರಮೇಣ ಕುಗ್ಗುತ್ತದೆ. ಮೂಲಪಠ್ಯದ ಅಧ್ಯಯನವೆಂದು ನೋಂದಾಯಿಸಿದ್ದು ಹೊಸಗನ್ನಡ ಅನುವಾದದ ಕಥಾಸಾರವಾಗಿ ಮುಗಿಯುತ್ತದೆ.

ಎಂ.ಎ.ಗೆ ತಗಲುವ ಹೆಚ್ಚುವರಿ ಕಾಲವೂ ದೊಡ್ಡದಲ್ಲ. ನಾಲ್ಕು ವರ್ಷಗಳ ಪದವಿಯ ಮೇಲೆ ಒಂದು ವರ್ಷದ ಸ್ನಾತಕೋತ್ತರ ಪದವಿಯನ್ನೂ ನಿಯಮಾವಳಿ ಒಪ್ಪುತ್ತದೆ. ಜೀವನೋಪಾಯದ ಮಾತೂ ಇದೆ: ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಪಿಎಚ್.ಡಿ. ನಡುವೆ ನಿಂತರೆ, ಎಂ.ಎ. ಇಲ್ಲದವರ ಕೈಯಲ್ಲಿ ಉಳಿಯುವುದು ಮೊದಲ ಪದವಿ ಮಾತ್ರ.

ಇದಕ್ಕೆ ಎದುರು ವಾದವೂ ಇದೆ, ಅದನ್ನು ಅಲ್ಲಗಳೆಯಲಾರೆ. ಅನೇಕ ವಿಭಾಗಗಳಲ್ಲಿ ಎಂ.ಎ. ಎಂಬುದು ಪದವಿ ತರಗತಿಯ ಪುನರಾವರ್ತನೆಯಾಗಿದೆ. ಹಳಗನ್ನಡವನ್ನು ಸಾರಾಂಶದಲ್ಲಿ ಕಲಿಸಿ, ಸಾರಾಂಶದಲ್ಲಿಯೇ ಪರೀಕ್ಷಿಸುವುದುಂಟು. ಅಂಥ ಎಂ.ಎ.ಯಿಂದ ಬರುವುದು ಪ್ರಮಾಣಪತ್ರವೊಂದೇ. ಸಮಕಾಲೀನ ಕಾದಂಬರಿಯನ್ನು ಕುರಿತು ಸಂಶೋಧಿಸಬಯಸುವ, ವಿಸ್ತಾರವಾಗಿ ಓದಿಕೊಂಡ ವಿದ್ಯಾರ್ಥಿಗೆ ನೇರದಾರಿ ತಪ್ಪೆಂದು ನಾನು ಹೇಳುವುದಿಲ್ಲ. ಶಿಷ್ಯವೇತನ ದೊರೆಯುವ ಪಿಎಚ್.ಡಿ. ಸ್ಥಾನ ಕೈಗೆ ಬಂದಿರುವಾಗ, ಬಡತನದಲ್ಲಿರುವವರಿಗೆ ‘ಇನ್ನೊಂದು ವರ್ಷ ತಾಳಿ’ ಎನ್ನುವುದೂ ಸುಲಭವಲ್ಲ.

ಆ ವಿದ್ಯಾರ್ಥಿನಿಗೆ ನಾನು ಕೊಟ್ಟದ್ದು ಉತ್ತರವಲ್ಲ, ಪುಸ್ತಕ. ವಡ್ಡಾರಾಧನೆಯ ಒಂದು ಪುಟ ತೆರೆದು, ಅನುವಾದದ ನೆರವಿಲ್ಲದೆ ಗಾಹೆಯನ್ನೂ ಅದರ ಕೆಳಗಿನ ಗದ್ಯವನ್ನೂ ಓದಲು ಹೇಳಿದೆ. ಗದ್ಯದಲ್ಲಿ ಅವರು ತಡವರಿಸಿದರೂ ಮುಂದೆ ಸಾಗಿದರು. ಗಾಹೆಯ ಬಳಿ ನಿಂತರು. ಬಳಿಕ ತಾವೇ, “ಪ್ರಾಕೃತ ಕಲಿಸುವ ಎಂ.ಎ. ಎಲ್ಲಿದೆ ಸರ್?” ಎಂದು ಕೇಳಿದರು.

ಪ್ರಾಚೀನ ಸಾಹಿತ್ಯವನ್ನು ಆರಿಸಿಕೊಳ್ಳುವ ಪ್ರತಿಯೊಬ್ಬರೂ ಅರ್ಜಿ ಹಾಕುವ ಮುನ್ನ ಈ ಪರೀಕ್ಷೆಯನ್ನು ತಮಗೆ ತಾವೇ ಒಡ್ಡಿಕೊಳ್ಳಲಿ. ಆಯೋಗ ಅಂಕವನ್ನು ನೋಡುತ್ತದೆ. ಪಠ್ಯ ಓದನ್ನು ಕೇಳುತ್ತದೆ.