ಗರಜು ದೊಡ್ಡದೋ, ಪ್ರತಿಭೆ ದೊಡ್ಡದೋ?

ಡ್ರಾಫ್ಟ್ ಅಂದರೆ ನಮ್ಮಂಥ ಕಾಮರ್ಸ್ ವಿದ್ಯಾರ್ಥಿಗಳಿಗೆ ಥಟ್ಟನೆ ನೆನಪಾಗೋದು ಡಿಮಾಂಡ್ ಡ್ರಾಫ್ಟು, ಇಲ್ಲವೇ ಓವರ್‌ಡ್ರಾಫ್ಟು. ಅಮೆರಿಕದ ಬಾಸ್ಕೆಟ್‌ಬಾಲ್ ಲೋಕದಲ್ಲಿ ಈ ಶಬ್ದಕ್ಕೆ ಬೇರೆಯೇ ಅರ್ಥವಿದೆ. ಅಲ್ಲಿಯ ಎನ್.ಬಿ.ಎ.ಯ 30 ತಂಡಗಳು ವರ್ಷಕ್ಕೊಮ್ಮೆ ಕಾಲೇಜುಗಳಿಂದಲೂ ಪರದೇಶಗಳಿಂದಲೂ ಬರುವ ಹೊಸ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ನಮ್ಮ ಐ.ಪಿ.ಎಲ್. ಹರಾಜಿನ ಹಾಗೆ ಅಲ್ಲಿ ಹಣ ಕೂಗುವುದಿಲ್ಲ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಪಂಕ್ತಿ, ಗೆದ್ದು ಬೀಗಿದವರಿಗೆ ಕೊನೆಯ ಪಂಕ್ತಿ. ಬಲ ಒಂದೇ ಕಡೆ ಕೂಡಿಬೀಳದಿರಲಿ ಎಂದು ಮಾಡಿದ ಏರ್ಪಾಡು ಇದು.

ಈ ಪಂಕ್ತಿಯಲ್ಲಿ ಕುಳಿತವರನ್ನು ಪ್ರತಿವರ್ಷ ಕಾಡುವ ಪ್ರಶ್ನೆ ಒಂದೇ. ತಂಡದಲ್ಲಿ ಯಾವ ಜಾಗ ಖಾಲಿ ಇದೆಯೋ ಆ ಜಾಗಕ್ಕೆ ಸರಿಹೊಂದುವವನನ್ನು ಆರಿಸಬೇಕೋ? ಜಾಗ ಇರಲಿ ಬಿಡಲಿ, ಇದ್ದವರಲ್ಲೆಲ್ಲ ಶ್ರೇಷ್ಠನಾದವನನ್ನೇ ಎತ್ತಿಕೊಳ್ಳಬೇಕೋ? ಶ್ರೇಷ್ಠನನ್ನೇ ಎತ್ತಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಗರಜು ಇವತ್ತಿನದು, ಪ್ರತಿಭೆ ನಾಳೆಯದು.

ಈ ವಾದಕ್ಕೆ 1984ರ ಡ್ರಾಫ್ಟಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆಗ ಮೊದಲ ಸರದಿ ಯಾರದೆಂದು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದರು. ಹ್ಯೂಸ್ಟನ್ ಗೆದ್ದಿತು, ಪೋರ್ಟ್‌ಲ್ಯಾಂಡಿಗೆ ಎರಡನೆಯ ಸರದಿ ಬಂತು, ಮೂರನೆಯದು ಶಿಕಾಗೋದು. ಪೋರ್ಟ್‌ಲ್ಯಾಂಡಿನ ಯಜಮಾನರು ಲೆಕ್ಕ ಹಾಕಿದರು: ಗಾರ್ಡ್ ಜಾಗಕ್ಕೆ ಜಿಮ್ ಪ್ಯಾಕ್ಸನ್ ಇದ್ದಾನೆ, ಹಿಂದಿನ ವರ್ಷವಷ್ಟೇ ಆರಿಸಿದ ಕ್ಲೈಡ್ ಡ್ರೆಕ್ಸ್‌ಲರ್ ಇದ್ದಾನೆ, ನಮಗೆ ಬೇಕಾದದ್ದು ಸೆಂಟರ್, ಅಂದರೆ ಬುಟ್ಟಿಯ ಬುಡದಲ್ಲಿ ನಿಲ್ಲುವ ಎತ್ತರದ ಆಳು. ಹೀಗಾಗಿ 7 ಅಡಿ 1 ಅಂಗುಲದ ಸ್ಯಾಮ್ ಬೋವಿಯನ್ನು ಆರಿಸಿದರು. ಉಳಿದವನನ್ನು ಶಿಕಾಗೋ ಎತ್ತಿಕೊಂಡಿತು. ಅವನ ಹೆಸರು ಮೈಕೆಲ್ ಜೋರ್ಡಾನ್.

ಮುಂದಿನದು ಜಗತ್ತಿಗೇ ಗೊತ್ತು. 1991ರಿಂದ 1998ರ ಒಳಗೆ ಶಿಕಾಗೋ ಆರು ಸಲ ಚಾಂಪಿಯನ್ ಆಯಿತು. ಅದರಲ್ಲಿ 1992ರ ಫೈನಲ್ಲಿನಲ್ಲಿ ಸೋತವರು ಇದೇ ಪೋರ್ಟ್‌ಲ್ಯಾಂಡಿನವರು! ಬೋವಿ ಬಡಪಾಯಿ, ಕಾಲಿನ ಎಲುಬು ಮತ್ತೆ ಮತ್ತೆ ಮುರಿದುಕೊಂಡ. ಪೋರ್ಟ್‌ಲ್ಯಾಂಡಿನ ಐದು ಸೀಸನ್‌ಗಳ 410 ಪಂದ್ಯಗಳಲ್ಲಿ ಅವನು ಆಡಿದ್ದು 139 ಮಾತ್ರ. ಇದರಲ್ಲಿ ಅವನ ತಪ್ಪೇನೂ ಇಲ್ಲ. "ನನ್ನನ್ನೇ ಎರಡನೆಯವನಾಗಿ ಆರಿಸಿ" ಅಂತ ಯಾರ ಮನೆ ಬಾಗಿಲಿಗೂ ಅವನು ಹೋಗಿರಲಿಲ್ಲ.

ಎಲುಬು ಮುರಿಯೋದು ಹಣೆಬರಹ, ಅದಕ್ಕೆ ಆರಿಸಿದವರೇನು ಮಾಡ್ತಾರೆ ಅಂತ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಕೆಂಟಕಿಯ ಕಾಲೇಜಿನಲ್ಲಿದ್ದಾಗಲೇ ಕಾಲಿನ ತೊಂದರೆಯಿಂದ ಬೋವಿ ಪೂರಾ ಎರಡು ಸೀಸನ್ ಆಡಿರಲಿಲ್ಲ. ಈ ಸಂಗತಿ ಎಲ್ಲರ ಕಣ್ಣ ಮುಂದೆಯೇ ಇತ್ತು. ಗರಜಿನ ಕನ್ನಡಕ ಹಾಕಿಕೊಂಡವರಿಗೆ ಮಾತ್ರ ಅದು ಸಣ್ಣದಾಗಿ ಕಂಡಿತು. ಹಸಿದವನಿಗೆ ಹಳಸಿದ್ದೂ ರುಚಿ ಅಂತಾರಲ್ಲ, ಹಾಗೆ. ಇನ್ನೊಂದು ಮಾತು: ಆ ಹಸಿವು ಕೂಡ ಅರ್ಧ ಅವರೇ ತಂದುಕೊಂಡದ್ದು. ಅದೇ ಜೂನ್ ತಿಂಗಳಲ್ಲಿ ಕಿಕಿ ವ್ಯಾಂಡವೆ ಎಂಬ ಫಾರ್ವರ್ಡ್ ಆಟಗಾರನಿಗಾಗಿ ಡೆನ್ವರ್ ತಂಡಕ್ಕೆ ಅವರು ಬಿಟ್ಟುಕೊಟ್ಟ ಮೂವರಲ್ಲಿ ವೇಯ್ನ್ ಕೂಪರ್ ಎಂಬ ಸೆಂಟರ್ ಸಹ ಇದ್ದ.

ಮೊದಲ ಸರದಿಯ ಹ್ಯೂಸ್ಟನ್ ಏನು ಮಾಡಿತು? ಇದನ್ನು ಯಾರೂ ಅಷ್ಟಾಗಿ ಹೇಳೋದಿಲ್ಲ. 1983ರಲ್ಲೇ ಅವರು 7 ಅಡಿ 4 ಅಂಗುಲದ ರಾಲ್ಫ್ ಸ್ಯಾಂಪ್ಸನ್‌ನನ್ನು ತಂದಿದ್ದರು. ಅಂದರೆ ಸೆಂಟರ್ ಜಾಗ ಭರ್ತಿ. ಗರಜಿನ ಲೆಕ್ಕದಲ್ಲಿ ಇನ್ನೊಬ್ಬ ಸೆಂಟರ್ ಬೇಡವೇ ಬೇಡ. ಆದರೂ ನೈಜೀರಿಯಾದಿಂದ ಓದಲು ಬಂದಿದ್ದ ಹಕೀಮ್ ಒಲಾಜುವಾನ್‌ನನ್ನೇ ಆರಿಸಿದರು. ಇಬ್ಬರನ್ನೂ ಒಟ್ಟಿಗೇ ಆಡಿಸಿದರು. ಜನ ಅವರನ್ನು ಜೋಡಿ ಗೋಪುರ ಎಂದು ಕರೆದರು. 1986ರಲ್ಲಿ ತಂಡ ಫೈನಲ್ ತಲುಪಿತು. ಆಮೇಲೆ ಸ್ಯಾಂಪ್ಸನ್‌ನ ಮೊಣಕಾಲು ಕೈಕೊಟ್ಟಿತು, 1987ರ ಡಿಸೆಂಬರಿನಲ್ಲಿ ಅವನನ್ನು ಬೇರೆ ತಂಡಕ್ಕೆ ಕಳಿಸಿದರು. ಆಗ ಹ್ಯೂಸ್ಟನ್ನಿಗೆ ಉಳಿದವನು ಯಾರು? ಹೆಚ್ಚುವರಿ ಅನ್ನಿಸಿಕೊಂಡಿದ್ದ ಒಲಾಜುವಾನ್! 1994 ಮತ್ತು 1995ರಲ್ಲಿ ಹ್ಯೂಸ್ಟನ್ ಚಾಂಪಿಯನ್ ಆದದ್ದು ಅವನ ಬಲದಿಂದ.

ಹೇಳಿ ಕೇಳಿ ನಾನು ಕಾಮರ್ಸ್ ವಿದ್ಯಾರ್ಥಿ, ಲೆಕ್ಕದ ಭಾಷೆಯಲ್ಲೇ ಹೇಳ್ತೇನೆ. ಬ್ಯಾಲೆನ್ಸ್ ಶೀಟಿನ ತಲೆಯ ಮೇಲೆ 'ಮಾರ್ಚ್ 31ಕ್ಕೆ ಇದ್ದಂತೆ' ಅಂತ ಬರೆದಿರುತ್ತದೆ. ಅದು ಒಂದು ದಿನದ ಚಿತ್ರ. ಏಪ್ರಿಲ್ ಒಂದಕ್ಕೆ ಅದು ಹಳತು. ತಂಡದ ಗರಜೂ ಅಷ್ಟೇ, ಡ್ರಾಫ್ಟ್ ದಿನಕ್ಕೆ ಇದ್ದಂತೆ. ಪ್ಯಾಕ್ಸನ್ ಇದ್ದಾನೆಂದು ಜೋರ್ಡಾನ್ ಬೇಡವಾದನಲ್ಲ, ಆ ಪ್ಯಾಕ್ಸನ್ 1988ರಲ್ಲಿ ಪೋರ್ಟ್‌ಲ್ಯಾಂಡ್ ಬಿಟ್ಟು ಬಾಸ್ಟನ್ ತಂಡಕ್ಕೆ ಹೋದ. ಹೊಸ ಆಟಗಾರ ಬೆಳೆದು ಕೈಗೆ ಬರೋದಕ್ಕೇ ಮೂರು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಯಾವ ಕೊರತೆಗೆಂದು ಅವನನ್ನು ತಂದರೋ ಆ ಕೊರತೆ ಇರುವುದಿಲ್ಲ, ಬೇರೆ ಕೊರತೆ ಹುಟ್ಟಿರುತ್ತದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸಾಧಾರಣ ಕೊರತೆಯನ್ನು ಅದಲು ಬದಲು ಮಾಡಿ ತುಂಬಿಕೊಳ್ಳಬಹುದು. ಜೋರ್ಡಾನ್‌ನಂಥವನನ್ನು ಯಾರೂ ಮಾರಾಟಕ್ಕೆ ಇಡೋದಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕೆ? 2009ರಲ್ಲಿ ಗೋಲ್ಡನ್ ಸ್ಟೇಟ್ ತಂಡದಲ್ಲಿ ಮೋಂಟಾ ಎಲಿಸ್ ಎಂಬ ಗಿಡ್ಡ ಗಾರ್ಡ್, ಚೆನ್ನಾಗಿ ಅಂಕ ಗಳಿಸುವವನು, ಆಗಲೇ ಇದ್ದ. ಆದರೂ ಏಳನೆಯ ಸರದಿಯಲ್ಲಿ ಅದೇ ಅಚ್ಚಿನ ಇನ್ನೊಬ್ಬ ಹುಡುಗ ಸ್ಟೀಫನ್ ಕರಿಯನ್ನು ಆರಿಸಿದರು. ಇಬ್ಬರೂ ಒಂದೇ ಒರೆಯಲ್ಲಿ ಹಿಡಿಯದ ಎರಡು ಕತ್ತಿ ಅನ್ನಿಸಿತು. 2012ರ ಮಾರ್ಚಿನಲ್ಲಿ ಎಲಿಸ್‌ನನ್ನು ಕೊಟ್ಟು ಆಂಡ್ರ್ಯೂ ಬೋಗಟ್ ಎಂಬ ಸೆಂಟರನ್ನು ತಂದರು. 2015ರಲ್ಲಿ ಚಾಂಪಿಯನ್ ಆದಾಗ ಕರಿಯೂ ಇದ್ದ, ಬೋಗಟ್‌ನೂ ಇದ್ದ. ಪ್ರತಿಭೆಯನ್ನು ಮೊದಲು ತಂದರು, ಕೊರತೆಯನ್ನು ಆಮೇಲೆ ತುಂಬಿದರು.

ಎದುರು ಪಕ್ಷದವರೂ ಬರಿಗೈಯಲ್ಲಿ ಬಂದಿಲ್ಲ. 2003ರಲ್ಲಿ ಡೆಟ್ರಾಯಿಟ್ ತಂಡ ಎರಡನೆಯ ಸರದಿಯಲ್ಲಿ ಡಾರ್ಕೋ ಮಿಲಿಚಿಚ್ ಎಂಬ 18ರ ಎತ್ತರದ ಹುಡುಗನನ್ನು ಆರಿಸಿತು. ಕಾರ್ಮೆಲೋ ಆಂಥೊನಿ ಆಡುವ ಜಾಗದಲ್ಲಿ ಅವರಿಗೆ ಟೇಶಾನ್ ಪ್ರಿನ್ಸ್ ಇದ್ದ. ಮರುವರ್ಷವೇ, ಅಂದರೆ 2004ರಲ್ಲಿ, ಡೆಟ್ರಾಯಿಟ್ ಚಾಂಪಿಯನ್ ಆಯಿತು. ನೋಡಿ, ಏನು ನಷ್ಟವಾಯ್ತು ಅಂತ ಕೇಳ್ತಾರೆ. ಸ್ವಾಮಿ, ಆ ವರ್ಷ ಗೆದ್ದದ್ದು ಮೊದಲೇ ಇದ್ದವರ ದುಡಿಮೆಯಿಂದ. ಡಾರ್ಕೋ ಬೆಂಚಿನ ಮೇಲೆಯೇ ಕೂತಿದ್ದ, 2006ರ ಫೆಬ್ರವರಿಯಲ್ಲಿ ಅವನನ್ನು ಸಾಗಹಾಕಿದರು. ಅದೇ ವರ್ಷ ಡೆಟ್ರಾಯಿಟನ್ನು ಸೋಲಿಸಿ ಫೈನಲ್ಲಿಗೆ ಹೋಗಿ ಗೆದ್ದದ್ದು ಮಯಾಮಿ. ಅದರ ನಾಯಕಮಣಿ ಡ್ವೇನ್ ವೇಡ್, 2003ರಲ್ಲಿ ಐದನೆಯವನಾಗಿ ಆಯ್ಕೆಯಾದವನು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಫಿಲಡೆಲ್ಫಿಯಾದ್ದು. ಅವರು ಪ್ರತಿಭೆ ಪ್ರತಿಭೆ ಅಂತ 2013ರಿಂದ 2015ರವರೆಗೆ ಮೂರು ಡ್ರಾಫ್ಟುಗಳಲ್ಲಿ ಮೂವರು ಎತ್ತರದವರನ್ನು ಕೂಡಿಹಾಕಿದರು: ನೆರ್ಲೆನ್ಸ್ ನೋಯಲ್, ಜೋಯೆಲ್ ಎಂಬೀಡ್, ಜಾಲಿಲ್ ಓಕಾಫೋರ್. ಪಂದ್ಯ ಇರೋದು 48 ನಿಮಿಷ, ಸೆಂಟರ್ ಜಾಗ ಒಂದು, ಚೆಂಡೂ ಒಂದೇ. ಗೋದಾಮಿನಲ್ಲಿ ಮಾಲು ಹೆಚ್ಚಾಗಿದೆ, ಇವನು ಮಾರಲೇಬೇಕು ಅಂತ ಪೇಟೆಗೆಲ್ಲ ಗೊತ್ತಾದರೆ ರೇಟು ಸಿಗ್ತದೆಯೇ? 2017ರಲ್ಲಿ ನೋಯಲ್‌ನನ್ನೂ ಓಕಾಫೋರ್‌ನನ್ನೂ ಅಗ್ಗಕ್ಕೆ ಬಿಟ್ಟರು. ಎಂಬೀಡ್ ಮಾತ್ರ 2023ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಪಡೆದ.

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಇದು ಆಯ್ಕೆಯ ದೋಷಕ್ಕಿಂತ ಹೆಚ್ಚಾಗಿ ಆಯ್ಕೆಯಾದ ಮೇಲಿನ ದೋಷ. ಆರಿಸಿದವನಿಗೆ ಆಡಲು ಜಾಗ ಮಾಡಿಕೊಡಬೇಕು, ಹೆಚ್ಚಾದವನನ್ನು ಮರ್ಯಾದೆ ಇರುವಾಗಲೇ ಕಳಿಸಿಕೊಡಬೇಕು. ಗೋಲ್ಡನ್ ಸ್ಟೇಟ್ ಮಾಡಿದ್ದು ಅದನ್ನೇ. ಇಬ್ಬರ ಯೋಗ್ಯತೆ ಸರಿಸುಮಾರು ಒಂದೇ ಅನ್ನಿಸಿದಾಗ, ಇಲ್ಲವೇ ಸರದಿ ಇಪ್ಪತ್ತರ ಕೆಳಗೆ ಇಳಿದಾಗ, ಧಾರಾಳವಾಗಿ ಗರಜು ನೋಡಲಿ. ಒಬ್ಬ ಇನ್ನೊಬ್ಬನಿಗಿಂತ ಮೊಳದುದ್ದ ಎತ್ತರ ನಿಂತಿರುವಾಗ ಮಾತ್ರ ಖಾಲಿ ಕುರ್ಚಿ ಎಣಿಸುತ್ತ ಕೂರಬಾರದು.

ಇದೆಲ್ಲ ಅಮೆರಿಕದ ಮಾತು, ನಮಗ್ಯಾಕೆ ಅನ್ನಬೇಡಿ. ಇಲ್ಲಿ ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯತ್ತೆ ಮುಗಿಸಿದ ನಮ್ಮ ಹುಡುಗ ಹುಡುಗಿಯರಿಗೆ ಮನೆಯಲ್ಲಿ, ಚಾಳಿನಲ್ಲಿ, ಸಂಘದಲ್ಲಿ ಕೇಳೋ ಮೊದಲ ಪ್ರಶ್ನೆ ಯಾವುದು? "ಈಗ ಯಾವ ಲೈನಿಗೆ ಡಿಮಾಂಡ್ ಇದೆ?" ಇವನಿಗೆ ಏನು ಚೆನ್ನಾಗಿ ಬರುತ್ತದೆ ಅಂತ ಕೇಳುವವರು ಕಡಿಮೆ. ದೊಡ್ಡವರು ಕಷ್ಟಪಟ್ಟವರು, ಅವರ ಚಿಂತೆ ಸುಳ್ಳಲ್ಲ. ಆದರೆ ಇವತ್ತಿನ ಡಿಮಾಂಡು ಡಿಗ್ರಿ ಕೈಗೆ ಬರುವ ಹೊತ್ತಿಗೆ ಯಾವ ಕಡೆ ಹರಿದಿರುತ್ತದೋ ಯಾರು ಬಲ್ಲರು? ನಮ್ಮ ಮಂಡಲದ ನಾಟಕ ಸ್ಪರ್ಧೆಯ ತಂಡ ಆರಿಸುವಾಗಲೂ ಇದೇ ಕತೆ: ಮುದುಕನ ಪಾತ್ರ ಖಾಲಿ ಇದೆ, ಮುದುಕನಾಗುವವರು ಕೈಯೆತ್ತಿ ಅಂತೀವಿ, ಚೆನ್ನಾಗಿ ಅಭಿನಯಿಸುವ ಹುಡುಗಿ ಪರದೆ ಎಳೆಯುತ್ತ ನಿಂತಿರುತ್ತಾಳೆ. ಆ ಹುಡುಗಿಗೆ ತಕ್ಕ ನಾಟಕ ಹುಡುಕಿದರೆ ಆಗದೇ? ಆರಿಸುವ ಅಧಿಕಾರ ನಮ್ಮ ಕೈಗೆ ಬಂದಾಗಲಾದರೂ ಮೊದಲು ಆಳನ್ನು ನೋಡೋಣ, ಜಾಗವನ್ನು ಆಮೇಲೆ ನೋಡೋಣ.